ಸೊಂಟದ ಕೀಲು ಬದಲಿಸಿದ ಮೇಲೆ ಆಸ್ಪತ್ರೆಯ ದಿನಗಳನ್ನು ಬಳಸಿಕೊಳ್ಳುವುದು ಹೇಗೆ?

ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ತೊಡೆಮೂಳೆಯೊಳಗೆ ಲೋಹದ ದಂಡ ಕುಳಿತು, ಅದರ ತುದಿಯ ಗುಂಡು ಹೊಸ ಬಟ್ಟಲಿನಲ್ಲಿ ಸೇರಿಕೊಂಡ ಮೇಲೆ, ಬಹುಪಾಲು ರೋಗಿಗಳಲ್ಲಿ ಆ ಕೀಲು ಮರುದಿನವೇ ದೇಹದ ಭಾರ ಹೊರಲು ಸಿದ್ಧವಾಗಿರುತ್ತದೆ. ಅದರ ಸುತ್ತಲಿನ ಸ್ನಾಯುಗಳಾಗಲಿ, ವರ್ಷಗಟ್ಟಲೆ ಕುಂಟಿ ಕುಂಟಿ ರೂಢಿಯಾದ ನಡಿಗೆಯಾಗಲಿ, ಮನೆಯ ಬಚ್ಚಲಾಗಲಿ ಅಷ್ಟು ಬೇಗ ಸಿದ್ಧವಾಗುವುದಿಲ್ಲ. ಆಸ್ಪತ್ರೆಯಲ್ಲಿ ಸಿಗುವ ಮೂರರಿಂದ ಐದು ದಿನಗಳನ್ನು ಬರಿಯ ವಿಶ್ರಾಂತಿಯ ದಿನಗಳೆಂದು ಎಣಿಸಿದವರು ಮನೆಗೆ ಹೋದ ಮೊದಲ ರಾತ್ರಿಯೇ ಪೇಚಿಗೆ ಸಿಕ್ಕಿಕೊಳ್ಳುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಆದ್ದರಿಂದ ಈ ಬರಹವನ್ನು ರೋಗಿಗಿಂತ ಹೆಚ್ಚಾಗಿ ಮಂಚದ ಪಕ್ಕದ ಸ್ಟೂಲಿನಲ್ಲಿ ರಾತ್ರಿ ಕಳೆಯುವ ಮಗ, ಮಗಳು, ಸೊಸೆ ಅಥವಾ ಸಂಗಾತಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ನಮ್ಮ ಕಡೆ ಈ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಮುಖ್ಯವಾಗಿ ಎರಡು ಬಗೆಯವರಿದ್ದಾರೆ. ತೊಡೆಮೂಳೆಯ ತಲೆಗೆ ರಕ್ತಸಂಚಾರ ನಿಂತು ಅದು ಕುಸಿದುಹೋದ, ಅಥವಾ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ರುಮಟಾಯ್ಡ್ ಸಂಧಿವಾತದಂತಹ ಕಾಯಿಲೆಗಳಿಂದ ಕೀಲು ಬಿಗಿದುಹೋದ ಮೂವತ್ತು ನಲವತ್ತರ ವಯಸ್ಸಿನವರು ಮೊದಲ ಬಗೆಯವರು. (ಸಾಗರ ತಾಲ್ಲೂಕಿನ ಸುತ್ತ 1970ರ ದಶಕದಲ್ಲಿ ಗುರುತಿಸಲಾದ ಹಂದಿಗೋಡು ಕಾಯಿಲೆಯೂ ಎಳೆಯ ವಯಸ್ಸಿನಲ್ಲೇ ಸೊಂಟದ ಕೀಲನ್ನು ಹಾಳುಮಾಡುವಂಥದ್ದು.) ಬಚ್ಚಲಿನಲ್ಲೋ ಹೊಸ್ತಿಲಿನಲ್ಲೋ ಜಾರಿಬಿದ್ದು ತೊಡೆಮೂಳೆಯ ಕುತ್ತಿಗೆ ಮುರಿದುಕೊಂಡ ವೃದ್ಧರು ಎರಡನೆಯ ಬಗೆಯವರು, ಇವರಲ್ಲಿ ಕೆಲವರಿಗೆ ಬಟ್ಟಲನ್ನು ಬಿಟ್ಟು ಗುಂಡನ್ನು ಮಾತ್ರ ಬದಲಿಸುತ್ತಾರೆ. ಮೊದಲಿನವರಿಗೆ ತಯಾರಾಗಲು ವಾರಗಳ ಸಮಯ ಇರುತ್ತದೆ, ಎರಡನೆಯವರಿಗೆ ಒಂದು ದಿನವೂ ಇರುವುದಿಲ್ಲ. ಒಂಟಿಯಾಗಿ ಬದುಕುವವರು, ಲಿಫ್ಟ್ ಇಲ್ಲದ ಮೇಲಂತಸ್ತಿನ ಮನೆಯವರು, ಹಿಂದೆ ಪಾರ್ಶ್ವವಾಯು ಆದವರು, ಪಾರ್ಕಿನ್ಸನ್ ಕಾಯಿಲೆ ಇರುವವರು, ಎರಡೂ ಕಡೆಯ ಕೀಲು ಒಟ್ಟಿಗೆ ಬದಲಿಸಿಕೊಂಡವರು, ಕಾಲಿನ ಮೇಲೆ ಪೂರ್ತಿ ಭಾರ ಹಾಕಬಾರದೆಂದು ಸೂಚಿಸಲ್ಪಟ್ಟವರು ನೇರವಾಗಿ ಮನೆಗೆ ಹೋಗುವ ಬದಲು ಪುನಶ್ಚೇತನ ವಿಭಾಗದಲ್ಲಿ ಇನ್ನೂ ಒಂದೆರಡು ವಾರ ಒಳರೋಗಿಯಾಗಿ ಉಳಿಯುವುದು ಒಳ್ಳೆಯದು. ಇದಕ್ಕೆ ‘ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್’ ಎಂಬ ಪ್ರತ್ಯೇಕ ವಿಭಾಗ ಕೆಲವು ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇದೆ. ಖಾಸಗಿ ಪುನಶ್ಚೇತನ ಕೇಂದ್ರಗಳೂ ನಗರಗಳಲ್ಲಿವೆ. ಅಂಥಲ್ಲಿ ಸೇರಿಸುವ ನಿರ್ಧಾರವನ್ನು ಡಿಸ್ಚಾರ್ಜಿನ ಬೆಳಿಗ್ಗೆ ಮಾಡಲು ಹೋಗಬಾರದು. ಶಸ್ತ್ರಚಿಕಿತ್ಸೆಯ ಮರುದಿನವೇ ವೈದ್ಯರೊಂದಿಗೆ ಮಾತನಾಡಿ, ವಿಮೆ ಇದ್ದರೆ ಆ ಹೆಚ್ಚುವರಿ ದಿನಗಳ ಖರ್ಚು ಅದರಲ್ಲಿ ಬರುತ್ತದೆಯೇ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಂದವರು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಬಹುದು.

ಮೊದಲು ಮನೆಯನ್ನು ಅಳೆಯಿರಿ

ಫಿಸಿಯೋಥೆರಪಿಸ್ಟ್ ವಾರ್ಡಿನ ನುಣುಪಾದ ಕಾರಿಡಾರಿನಲ್ಲಿ ನಡೆಸುತ್ತಾರೆ. ರೋಗಿ ನಡೆಯಬೇಕಾಗಿರುವುದು ಮಾತ್ರ ತನ್ನ ಮನೆಯಲ್ಲಿ. ಎರಡಕ್ಕೂ ನಂಟು ಕಲ್ಪಿಸುವ ಕೆಲಸ ನಿಮ್ಮದು, ಮತ್ತು ಅದಕ್ಕೆ ಬೇಕಾದದ್ದು ಒಂದು ಅಳತೆಯ ಟೇಪು. ಮಂಚದ ಎತ್ತರವನ್ನು ಹಾಸಿಗೆಯ ಮೇಲೆ ಕುಳಿತಾಗ ಅದು ಎಷ್ಟು ತಗ್ಗುತ್ತದೆಂಬುದನ್ನೂ ಸೇರಿಸಿ ಅಳೆಯಿರಿ. ಕಮೋಡಿನ ಎತ್ತರ, ದಿನವೂ ಕೂರುವ ಕುರ್ಚಿಯ ಎತ್ತರ, ಬಚ್ಚಲಿನ ಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ, ಬೀದಿಯಿಂದ ಒಳಬರಲು ಇರುವ ಮೆಟ್ಟಿಲುಗಳ ಸಂಖ್ಯೆ, ಹಿಡಿಗಂಬಿ ಇದ್ದರೆ ಅದು ಏರುವಾಗ ಯಾವ ಕೈಗೆ ಸಿಗುತ್ತದೆ ಎಂಬುದು, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ನಾಲ್ಕೈದು ಫೋಟೊ ತೆಗೆದು, ಮೊದಲ ದಿನವೇ ಫಿಸಿಯೋಥೆರಪಿಸ್ಟರಿಗೆ ತೋರಿಸಿ. ‘ಚೆನ್ನಾಗಿ ನಡೆಯುವಂತೆ ಮಾಡಿ’ ಎಂದು ಕೇಳಿಕೊಳ್ಳುವುದಕ್ಕಿಂತ ‘ನಮ್ಮ ಮನೆಯ ಮುಂದೆ ಏಳು ಅಂಗುಲದ ಮೂರು ಮೆಟ್ಟಿಲುಗಳಿವೆ, ಹಿಡಿಯಲು ಗಂಬಿಯಿಲ್ಲ, ಅದನ್ನು ಹತ್ತುವುದನ್ನು ಕಲಿಸಿಕೊಡಿ’ ಎಂದು ಹೇಳುವುದರಿಂದ ಆ ಮೂರು ನಾಲ್ಕು ದಿನಗಳ ಪಾಠವೇ ಬದಲಾಗುತ್ತದೆ.

ಎತ್ತರದ ವಿಷಯದಲ್ಲಿ ನೆನಪಿಡಬೇಕಾದ್ದು ಇಷ್ಟು: ಕುಳಿತಾಗ ಮೊಣಕಾಲು ಸೊಂಟಕ್ಕಿಂತ ಮೇಲಿರಬಾರದು. ಸಾಧಾರಣ ಎತ್ತರದವರಿಗೆ 18ರಿಂದ 20 ಅಂಗುಲದ ಆಸನ ಸಾಕಾಗುತ್ತದೆ, ಎತ್ತರದ ಆಳಿಗೆ ಇನ್ನೂ ಸ್ವಲ್ಪ ಬೇಕು. ನಮ್ಮ ಮನೆಗಳ ಸೋಫಾ, ದಿವಾನ, ಆರಾಮಕುರ್ಚಿಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಕೈಗಳಿರುವ ಗಟ್ಟಿಯಾದ ಮರದ ಕುರ್ಚಿಯೇ ಲೇಸು. ಸಾಲದಿದ್ದರೆ ಅದರ ಮೇಲೆ ಒತ್ತಿದರೆ ಕುಗ್ಗದ ದಪ್ಪ ದಿಂಬನ್ನಿಡಬಹುದು.

ಶಸ್ತ್ರಚಿಕಿತ್ಸಕರನ್ನು ಕೇಳಬೇಕಾದ ಮೂರು ಪ್ರಶ್ನೆಗಳು

ಪಕ್ಕದ ಮಂಚದವರಿಗೆ ಹೇಳಿದ ನಿಯಮ ನಿಮ್ಮವರಿಗೂ ಅನ್ವಯಿಸುತ್ತದೆಂದು ತಿಳಿಯಬೇಡಿ, ಏಕೆಂದರೆ ನಿಯಮಗಳು ಕೀಲನ್ನು ಯಾವ ಕಡೆಯಿಂದ ತೆರೆದರು ಎಂಬುದನ್ನು ಅವಲಂಬಿಸಿವೆ. ಹಿಂಬದಿಯಿಂದ ತೆರೆದಿದ್ದರೆ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸುವುದು, ಕಾಲ ಮೇಲೆ ಕಾಲು ಹಾಕುವುದು, ಪಾದವನ್ನು ಒಳಮುಖವಾಗಿ ತಿರುಗಿಸುವುದು ಈ ಮೂರೂ ನಿಷಿದ್ಧ. ಮೂರೂ ಒಟ್ಟಿಗೆ ಸೇರಿದಾಗ ಗುಂಡು ಬಟ್ಟಲಿನಿಂದ ಹಿಂದಕ್ಕೆ ಜಾರುವ ಅಪಾಯ ಅತಿ ಹೆಚ್ಚು. ಮುಂಬದಿಯಿಂದ ತೆರೆದಿದ್ದರೆ ಅಪಾಯವಿರುವುದು ಕಾಲನ್ನು ಹಿಂದಕ್ಕೆ ಚಾಚಿ ಹೊರಮುಖವಾಗಿ ತಿರುಗಿಸುವುದರಲ್ಲಿ. ಪಕ್ಕದಿಂದ, ಅಂದರೆ ಪೃಷ್ಠದ ಸ್ನಾಯುವಿನ ಒಂದು ಭಾಗವನ್ನು ಬಿಡಿಸಿ ಮತ್ತೆ ಹೊಲಿದಿದ್ದರೆ, ಆ ಹೊಲಿಗೆ ಮಾಯುವ ತನಕ ಕಾಲನ್ನು ಸ್ವಂತ ಬಲದಿಂದ ಪಕ್ಕಕ್ಕೆ ಎತ್ತುವ ವ್ಯಾಯಾಮವನ್ನು ಕೆಲವು ವಾರ ಮುಂದೂಡುವುದುಂಟು. ಯಾವ ಕಡೆಯಿಂದ ತೆರೆದಿರಿ, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ವಿಶೇಷವಾಗಿ ಮಾಡಲೇಬಾರದ್ದು ಏನಾದರೂ ಇದೆಯೇ ಎಂಬ ಮೂರನ್ನೂ ಕೇಳಿ, ಉತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ತಲೆಯ ಕಡೆ ಅಂಟಿಸಿ. ರಾತ್ರಿ ಪಾಳಿಯ ಸಿಸ್ಟರ್, ಬೆಡ್‌ಪ್ಯಾನ್ ಕೊಡುವ ಆಯಾ, ಊರಿನಿಂದ ಬಂದ ಚಿಕ್ಕಪ್ಪ, ಎಲ್ಲರಿಗೂ ಅದು ಕಾಣುವಂತಿರಲಿ. ಮುಂದೆ ಬರೆದಿರುವುದು ಹೆಚ್ಚಾಗಿ ಹಿಂಬದಿಯಿಂದ ತೆರೆದವರನ್ನು ಕುರಿತದ್ದು. ಮಡಿಸಬಾರದು, ದಾಟಿಸಬಾರದು, ತಿರುಚಬಾರದು ಎಂಬ ಈ ಕಟ್ಟುಪಾಡುಗಳನ್ನು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಪಾಲಿಸಲು ಹೇಳುತ್ತಾರೆ.

ಮೊದಲ ಇಪ್ಪತ್ತನಾಲ್ಕು ಗಂಟೆ

ಬೆನ್ನುಹುರಿಯ ಬಳಿ ಕೊಟ್ಟ ಅರಿವಳಿಕೆ ಇಳಿಯಲು ಕೆಲವು ಗಂಟೆಗಳು ಬೇಕು. ಕಾಲಿಗೆ ಅರಿವು ಮರಳಿದ ಕೂಡಲೇ ಆರಂಭಿಸಬೇಕಾದ ಮೊದಲ ವ್ಯಾಯಾಮ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು. ಇದು ಮೀನಖಂಡದ ರಕ್ತವನ್ನು ಮೇಲಕ್ಕೆ ಒತ್ತಿ ಹೆಪ್ಪುಗಟ್ಟದಂತೆ ತಡೆಯಲು ನೆರವಾಗುತ್ತದೆ. ಎಚ್ಚರವಿರುವಾಗ ಪ್ರತಿ ಗಂಟೆಗೊಮ್ಮೆ ಹತ್ತಿಪ್ಪತ್ತು ಬಾರಿ ಮಾಡಿಸಿ. ಅದೇ ಹೊತ್ತಿಗೆ ನಿಮಗೊಂದು ಪರೀಕ್ಷೆಯೂ ಆಗುತ್ತದೆ. ಅರಿವಳಿಕೆ ಪೂರ್ತಿ ಇಳಿದ ಮೇಲೂ ರೋಗಿಗೆ ಪಾದವನ್ನು ಮುಖದ ಕಡೆಗೆ ಎಳೆದುಕೊಳ್ಳಲು ಆಗದಿದ್ದರೆ ಸಯಾಟಿಕ್ ನರಕ್ಕೆ ಪೆಟ್ಟಾಗಿರಬಹುದಾದ್ದರಿಂದ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಮಲಗಿದಾಗ ಎರಡು ಕಾಲುಗಳ ನಡುವೆ ದಿಂಬು ಇರಬೇಕು. ಮೊಣಕಾಲಿನ ಅಡಿಯಲ್ಲಿ ದಿಂಬಿಟ್ಟು ಕಾಲನ್ನು ಮಡಿಸಿಯೇ ಬಿಡುವುದು ಆ ಗಳಿಗೆಗೆ ಹಿತವೆನಿಸಿದರೂ ಕೀಲು ಮಡಿಕೆಯಲ್ಲೇ ಬಿಗಿಯುವಂತೆ ಮಾಡುತ್ತದೆ.

ಮಲಗಿದಲ್ಲಿಯೇ ಮಾಡುವ ಇನ್ನೆರಡು ವ್ಯಾಯಾಮಗಳಿಗೆ ಯಾರ ಸಹಾಯವೂ ಬೇಡ. ಮೊಣಕಾಲಿನ ಹಿಂಭಾಗವನ್ನು ಹಾಸಿಗೆಗೆ ಒತ್ತಿ ತೊಡೆಯ ಮುಂಭಾಗವನ್ನು ಬಿಗಿಹಿಡಿದು ಐದು ಎಣಿಸಿ ಬಿಡುವುದು ಒಂದು, ಪೃಷ್ಠವನ್ನು ಹಾಗೆಯೇ ಬಿಗಿದು ಬಿಡುವುದು ಇನ್ನೊಂದು; ಹತ್ತು ಹತ್ತು ಬಾರಿಯಂತೆ ದಿನಕ್ಕೆ ಮೂರು ನಾಲ್ಕು ಸಲ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮೊಣಕಾಲು ಮಡಿಸುವುದನ್ನು ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟ ಮೇಲೆ ಸೇರಿಸಿಕೊಳ್ಳಿ. ಉಸಿರಿನಿಂದ ಚೆಂಡೆತ್ತುವ ಪ್ಲಾಸ್ಟಿಕ್ ಉಪಕರಣವನ್ನು ಕೊಡುತ್ತಾರಲ್ಲ, ಅದನ್ನು ಬಳಸುವ ಕ್ರಮವನ್ನು ಬಹಳ ಜನ ತಿರುವುಮುರುವು ಮಾಡಿಕೊಳ್ಳುತ್ತಾರೆ: ಅದಕ್ಕೆ ಊದುವುದಲ್ಲ, ಅದರಿಂದ ನಿಧಾನವಾಗಿ ಉಸಿರನ್ನು ಒಳಕ್ಕೆ ಎಳೆದುಕೊಳ್ಳಬೇಕು.

ನೋವಿನ ಔಷಧಿಯ ವಿಷಯದಲ್ಲಿ ನಮ್ಮವರಲ್ಲಿ ಎರಡು ಅತಿರೇಕಗಳಿವೆ. ಕೆಲವರು ‘ಮಾತ್ರೆ ಜಾಸ್ತಿಯಾದರೆ ಕಿಡ್ನಿ ಹಾಳಾಗುತ್ತದೆ’ ಎಂದು ಹಲ್ಲುಕಚ್ಚಿ ಸಹಿಸಿಕೊಂಡು, ನಡೆಯುವ ಹೊತ್ತಿಗೆ ಸುಸ್ತಾಗಿರುತ್ತಾರೆ. ಕೆಲವರು ನೋವು ಪೂರ್ತಿ ಹೋಗುವ ತನಕ ಏಳುವುದೇ ಇಲ್ಲ ಎನ್ನುತ್ತಾರೆ. ಫಿಸಿಯೋಥೆರಪಿಸ್ಟ್ ಬರುವ ಸಮಯವನ್ನು ಮೊದಲೇ ತಿಳಿದುಕೊಂಡು, ವೈದ್ಯರು ಬರೆದ ಮಾತ್ರೆಯನ್ನು ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಕೊಡುವಂತೆ ಸಿಸ್ಟರನ್ನು ಕೇಳಿಕೊಳ್ಳುವುದು ಇದಕ್ಕಿರುವ ಸರಳ ಉಪಾಯ. ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು ಮೊದಲೇ ಇದ್ದರೆ ಅದನ್ನು ವೈದ್ಯರಿಗೆ ನೆನಪಿಸಬೇಕಾದದ್ದು ನಿಮ್ಮ ಕರ್ತವ್ಯ. ಮಾತ್ರೆಯನ್ನು ಗುಟ್ಟಾಗಿ ದಿಂಬಿನಡಿ ಸೇರಿಸುವುದಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯ ಚೀಲವನ್ನು ಗಾಯದ ಸುತ್ತ ಹದಿನೈದು ಇಪ್ಪತ್ತು ನಿಮಿಷ ಇಡುವುದರಿಂದ ಊತವೂ ನೋವೂ ಕಡಿಮೆಯಾಗುತ್ತವೆ.

ಏಳುವುದು, ನಿಲ್ಲುವುದು, ನಡೆಯುವುದು

ಕೃತಕ ಸೊಂಟದ ಕೀಲಿಗೆ ಇಂದಿನ ರೂಪ ಕೊಟ್ಟ ಜಾನ್ ಚಾರ್ನ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ತನ್ನ ವಿಧಾನವನ್ನು ನೆಲೆಗೊಳಿಸಿದ್ದು 1962ರಲ್ಲಿ. ಆ ಕಾಲದಲ್ಲಿ ರೋಗಿಗಳನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಿದ್ದರು. ಇಂದು ಶಸ್ತ್ರಚಿಕಿತ್ಸೆಯ ದಿನ ಸಂಜೆಯೋ ಮರುದಿನ ಬೆಳಿಗ್ಗೆಯೋ ಎಬ್ಬಿಸಿ ನಿಲ್ಲಿಸುತ್ತಾರೆ. ಇದನ್ನು ಕಂಡು ‘ಹಸಿ ಗಾಯ, ಇಷ್ಟು ಬೇಗ ಯಾಕೆ?’ ಎಂದು ಮನೆಯವರು ಅಡ್ಡಬರುವುದು ಸಹಜ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಶ್ವಾಸಕೋಶದ ತಳದಲ್ಲಿ ಕಫ ಕಟ್ಟುತ್ತದೆ, ಬೆನ್ನಿನ ಕೆಳಭಾಗದಲ್ಲಿ ಒತ್ತಡದ ಹುಣ್ಣಾಗುತ್ತದೆ, ವೃದ್ಧರ ಸ್ನಾಯುಗಳಂತೂ ದಿನದಿಂದ ದಿನಕ್ಕೆ ಕರಗುತ್ತವೆ. ಬೇಗ ಎಬ್ಬಿಸುವುದರ ಕಾರಣ ಇದು.

ಮೊದಲ ಬಾರಿ ಎದ್ದಾಗ ರಕ್ತದೊತ್ತಡ ಥಟ್ಟನೆ ಇಳಿದು ತಲೆಸುತ್ತು ಬರುವುದು ತೀರಾ ಸಾಮಾನ್ಯ. ಹಾಗಾಗಿ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಐದು ನಿಮಿಷ ಕೂರಿಸಿ, ಕಣ್ಣು ಕತ್ತಲಿಡುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ನಿಲ್ಲಿಸಬೇಕು, ಮತ್ತು ಆ ಮೊದಲ ನಿಲುವಿಗೆ ಫಿಸಿಯೋಥೆರಪಿಸ್ಟ್ ಅಥವಾ ಸಿಸ್ಟರ್ ಇರಲೇಬೇಕು. ಮಂಚದ ಅಂಚಿಗೆ ಬರುವಾಗ ಸೊಂಟ ಮತ್ತು ಕಾಲುಗಳು ಒಂದೇ ಹಲಗೆಯಂತೆ ಒಟ್ಟಿಗೆ ತಿರುಗಬೇಕು. ಮೊಣಕೈ ಊರಿ ಸ್ವಲ್ಪ ಸ್ವಲ್ಪವೇ ಸರಿಯಬೇಕು. ಕುಳಿತಲ್ಲಿಂದ ಏಳುವಾಗ ಆಪರೇಷನ್ ಆದ ಕಾಲನ್ನು ಮುಂದೆ ಚಾಚಿ, ಎರಡೂ ಕೈಗಳಿಂದ ಮಂಚವನ್ನೋ ಕುರ್ಚಿಯ ಕೈಗಳನ್ನೋ ಒತ್ತಿ, ಒಳ್ಳೆಯ ಕಾಲಿನ ಬಲದ ಮೇಲೆ ಏಳಬೇಕು. ವಾಕರನ್ನು ಹಿಡಿದೆಳೆದುಕೊಂಡು ಏಳಲು ಹೋದರೆ ವಾಕರೇ ಮುಗುಚುತ್ತದೆ.

ವಾಕರಿನ ಎತ್ತರವನ್ನು ಯಾರೋ ಹಿಂದಿನ ರೋಗಿಗೆ ಹೊಂದಿಸಿದ್ದಂತೆಯೇ ಬಿಟ್ಟಿರುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ನೆಟ್ಟಗೆ ನಿಂತು ಕೈಗಳನ್ನು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೆಯೋ ಅಲ್ಲಿ ಹಿಡಿ ಇರಬೇಕು. ಆಗ ಹಿಡಿದಾಗ ಮೊಣಕೈ ತುಸು ಮಡಿದಿರುತ್ತದೆ. ಮೊದಲು ವಾಕರು, ಅನಂತರ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು, ಇದು ನಡಿಗೆಯ ಕ್ರಮ. ತಿರುಗುವಾಗ ಆಪರೇಷನ್ ಆದ ಪಾದವನ್ನು ನೆಲಕ್ಕೆ ಊರಿಕೊಂಡು ಮೈಯನ್ನು ಅದೇ ಕಡೆಗೆ ತಿರುಚಿದರೆ ಕೀಲು ಒಳಮುಖವಾಗಿ ಹೊರಳಿದಂತಾಗುತ್ತದೆ. ಆದ್ದರಿಂದ ಚಿಕ್ಕ ಚಿಕ್ಕ ಹೆಜ್ಜೆಗಳನ್ನು ಎತ್ತಿ ಇಡುತ್ತಾ ಸುತ್ತಿಬರುವುದನ್ನು ಅಭ್ಯಾಸ ಮಾಡಿಸಿ. ಮೆಟ್ಟಿಲಿಗೆ ಒಂದೇ ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮುಂದೆ ಊರುಗೋಲಿಗೆ ಬಂದಾಗ ಅದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಬೇಕು. ನೋಯುವ ಕಡೆಗೇ ಕೋಲು ಹಿಡಿಯುವುದು ಎಲ್ಲರಿಗೂ ಸಹಜವೆನಿಸುವ ತಪ್ಪು.

ಎರಡನೆಯ ಮೂರನೆಯ ದಿನ ಬಹಳಷ್ಟು ರೋಗಿಗಳು ‘ಕಾಲು ಉದ್ದ ಆಗಿಬಿಟ್ಟಿದೆ’ ಎಂದು ದಿಗಿಲುಪಡುತ್ತಾರೆ. ಅನೇಕ ವರ್ಷ ಕೀಲು ಸವೆದು ಕಾಲು ಗಿಡ್ಡವಾಗಿದ್ದವರಲ್ಲಿ ಸೊಂಟವೇ ಒಂದು ಕಡೆಗೆ ವಾಲಿ ರೂಢಿಯಾಗಿರುತ್ತದೆ. ಈಗ ಕಾಲು ಸರಿಯಾದ ಉದ್ದಕ್ಕೆ ಬಂದರೂ ಸ್ನಾಯುಗಳಿಗೆ ಅದು ಹೊಸತು. ಬಹುತೇಕ ಈ ಭಾವನೆ ವಾರಗಳಲ್ಲಿ ಕಡಿಮೆಯಾಗುತ್ತದೆ. ಆತುರಪಟ್ಟು ಇನ್ನೊಂದು ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಬೇಡಿ. ತಪಾಸಣೆಗೆ ಹೋದಾಗ ಅಳೆಸಿ ನೋಡಿ.

ನಿಮ್ಮ ಕೈ ಎಲ್ಲಿರಬೇಕು?

ವಾರ್ಡಿನಲ್ಲಿ ಚೇತರಿಕೆಗೆ ಅಡ್ಡಿಯಾಗುವವರಲ್ಲಿ ಅತಿ ಪ್ರೀತಿಯ ಮಕ್ಕಳು ಮೊದಲಿಗರು ಎಂದರೆ ಕಠಿಣವಾದೀತು, ಆದರೆ ಹೇಳದೆ ವಿಧಿಯಿಲ್ಲ. ‘ಅಮ್ಮ, ನೀವು ಏಳಬೇಡಿ, ನಾನು ಕೊಡ್ತೀನಿ’ ಎಂದು ನೀರಿನ ಲೋಟವನ್ನು ಬಾಯಿಗೆ ಹಿಡಿಯುವುದು, ಕಂಕುಳಲ್ಲಿ ಕೈಹಾಕಿ ಎತ್ತಿ ಕೂರಿಸುವುದು, ನಡೆಯುವಾಗ ಇಬ್ಬರು ಎರಡು ತೋಳು ಹಿಡಿದು ತೇಲಿಸಿಕೊಂಡು ಹೋಗುವುದು, ಇವುಗಳಿಂದ ರೋಗಿಯ ಸ್ನಾಯು ಕೆಲಸ ಕಲಿಯುವುದಿಲ್ಲ. ಮೂರನೆಯ ದಿನ ಅಮ್ಮನಿಗೆ ಸ್ವತಃ ಏಳಲು ಬರುವುದಿಲ್ಲ, ನಿಮ್ಮ ಬೆನ್ನು ಹಿಡಿದುಕೊಂಡಿರುತ್ತದೆ. ಆಪರೇಷನ್ ಆದ ಕಡೆಯಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಂತು, ಒಂದು ಕೈಯನ್ನು ಸೊಂಟದ ಹಿಂದೆ ಮುಟ್ಟಿಯೂ ಮುಟ್ಟದಂತೆ ಇಟ್ಟುಕೊಳ್ಳಿ. ಬೀಳುವಂತಾದರೆ ಹಿಡಿಯಲು ಅಷ್ಟು ಸಾಕು. ಬಾಯಿಯಿಂದ ಮಾತ್ರ ಸಹಾಯ ಮಾಡಿ, ಅದೂ ಒಂದು ಸಲಕ್ಕೆ ಒಂದೇ ಮಾತು: ‘ವಾಕರ್ ಮುಂದಿಡಿ’, ‘ಈಗ ಬಲಗಾಲು’. ನಾಲ್ಕು ಜನ ಏಕಕಾಲಕ್ಕೆ ಸೂಚನೆ ಕೊಟ್ಟರೆ ರೋಗಿ ನಡೆಯುವುದನ್ನು ಬಿಟ್ಟು ಯಾರ ಮಾತು ಕೇಳಬೇಕೆಂದು ನೋಡುತ್ತಾ ನಿಲ್ಲುತ್ತಾರೆ.

ಎರಡು ಮೂರು ದಿನ ಒಬ್ಬರೇ ಜೊತೆಗಿದ್ದು ಎಲ್ಲವನ್ನೂ ಕಲಿಯುವುದು, ಪಾಳಿ ಹಾಕಿಕೊಂಡು ಐವರು ಬಂದುಹೋಗುವುದಕ್ಕಿಂತ ಉತ್ತಮ. ಮನೆಯಲ್ಲಿ ನೋಡಿಕೊಳ್ಳುವವರು ಯಾರೋ ಅವರೇ ಫಿಸಿಯೋಥೆರಪಿಯ ಹೊತ್ತಿನಲ್ಲಿ ಅಲ್ಲಿರಬೇಕು. ಅನೇಕ ಕುಟುಂಬಗಳಲ್ಲಿ ಆಸ್ಪತ್ರೆಯಲ್ಲಿ ಮಗ ಇರುತ್ತಾನೆ, ಮನೆಗೆ ಬಂದ ಮೇಲೆ ಸೊಸೆ ನೋಡಿಕೊಳ್ಳುತ್ತಾಳೆ, ಅವಳಿಗೆ ಯಾರೂ ಏನನ್ನೂ ತೋರಿಸಿರುವುದಿಲ್ಲ.

ಬಚ್ಚಲು, ಬಟ್ಟೆ, ನೆಲ

ಕೀಲು ಜಾರುವ ಪ್ರಸಂಗಗಳು ನಡಿಗೆಗಿಂತ ಹೆಚ್ಚಾಗಿ ಕುಳಿತೇಳುವಾಗ, ಬಗ್ಗುವಾಗ ಒದಗುತ್ತವೆ, ಮತ್ತು ನಮ್ಮ ಬದುಕು ನೆಲಕ್ಕೆ ಹತ್ತಿರವಾದದ್ದು. ಚಕ್ಕಳಮಕ್ಕಳ ಹಾಕಿ ಉಣ್ಣುವುದು, ಮಣೆಯ ಮೇಲೆ ಪೂಜೆಗೆ ಕೂರುವುದು, ಕುಕ್ಕರಗಾಲಿನಲ್ಲಿ ಪಾತ್ರೆ ತಿಕ್ಕುವುದು, ದೊಡ್ಡವರ ಕಾಲಿಗೆ ಬಗ್ಗಿ ನಮಸ್ಕರಿಸುವುದು, ಇವೆಲ್ಲ ಸೊಂಟವನ್ನು 90 ಡಿಗ್ರಿಯ ಆಚೆಗೆ ಒಯ್ಯುವ ಭಂಗಿಗಳು. ಭಾರತೀಯ ಶೈಲಿಯ ಶೌಚಾಲಯವನ್ನು ಬಳಸುವ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ಅದೊಂದೇ ಇದ್ದರೆ ಅದರ ಮೇಲೆ ಇಡಬಹುದಾದ, ನಡುವೆ ತೂತಿರುವ ಕಮೋಡ್ ಕುರ್ಚಿಯನ್ನು ಡಿಸ್ಚಾರ್ಜಿಗೆ ಮುಂಚೆಯೇ ಕೊಂಡೋ ಬಾಡಿಗೆಗೆ ತಂದೋ ಇಟ್ಟಿರಬೇಕು, ಅದರ ಕಾಲುಗಳಿಗೆ ಜಾರದ ರಬ್ಬರ್ ಬಿರಡೆಗಳಿವೆಯೇ ನೋಡಬೇಕು. ಪಾಶ್ಚಾತ್ಯ ಕಮೋಡ್ ಇದ್ದರೂ ಅನೇಕ ಕಡೆ ಅದು ತಗ್ಗಾಗಿರುತ್ತದೆ. ಅದಕ್ಕೆ ಎತ್ತರದ ಪ್ಲಾಸ್ಟಿಕ್ ಸೀಟು ಸಿಗುತ್ತದೆ. ಆಸ್ಪತ್ರೆಯಲ್ಲಿ ಎರಡನೆಯ ದಿನದಿಂದಲೇ ಬೆಡ್‌ಪ್ಯಾನ್ ಬಿಡಿಸಿ, ವಾಕರಿನಲ್ಲಿ ನಡೆದು ಶೌಚಾಲಯಕ್ಕೆ ಹೋಗುವ ಅಭ್ಯಾಸ ಮಾಡಿಸಿ. ತೊಳೆದುಕೊಳ್ಳುವಾಗ ಮುಂದಕ್ಕೆ ಬಾಗಿ ತಿರುಚಿಕೊಳ್ಳದೆ, ಹಿಂದಿನಿಂದಲೋ ನಿಂತೋ ಹೇಗೆ ಮಾಡಬೇಕೆಂಬುದನ್ನು ಸಂಕೋಚ ಬಿಟ್ಟು ಫಿಸಿಯೋಥೆರಪಿಸ್ಟರನ್ನು ಕೇಳಿ. ಅವರು ದಿನಕ್ಕೆ ಹತ್ತು ಜನರಿಗೆ ಇದನ್ನೇ ಹೇಳಿಕೊಡುತ್ತಾರೆ.

ಸ್ನಾನದ ಅಪಾಯ ಇರುವುದು ಬಕೆಟ್ಟಿನಲ್ಲಿ. ಎತ್ತರದ ಕುರ್ಚಿಯಲ್ಲೇ ಕುಳಿತರೂ ನೆಲದ ಮೇಲಿನ ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಮೊಗೆಯಲು ಬಗ್ಗಿದರೆ ಸೊಂಟ ಪೂರ್ತಿ ಮಡಿಯುತ್ತದೆ. ಬಕೆಟ್ಟನ್ನು ಇನ್ನೊಂದು ಸ್ಟೂಲಿನ ಮೇಲಿಡಿ, ಅಥವಾ ಕೈಯಲ್ಲಿ ಹಿಡಿಯುವ ಶವರ್ ಹಾಕಿಸಿ. ಕಾಲನ್ನು ಉಜ್ಜುವ ಕೆಲಸ ಬೇರೆಯವರದಾಗಿರಲಿ. ಗಾಯ ಒದ್ದೆಯಾಗಬಹುದೇ ಎಂಬುದು ಹಾಕಿರುವ ಪಟ್ಟಿಯ ಮೇಲೆ ನಿಂತಿದೆ, ಕೇಳದೆ ನೀರು ಹಾಕಬೇಡಿ.

ಬಟ್ಟೆ ಹಾಕುವಾಗ ಆಪರೇಷನ್ ಆದ ಕಾಲು ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಸೀರೆಯ ನೆರಿಗೆ, ಪಂಚೆಯ ಅಂಚು, ಪಾದ ಮುಚ್ಚುವ ನೈಟಿ ಮೂರೂ ವಾಕರಿನ ಕಾಲಿಗೆ ಸಿಕ್ಕಿಕೊಳ್ಳುತ್ತವೆ. ಕೆಲವು ವಾರದ ಮಟ್ಟಿಗೆ ಮೀನಖಂಡದವರೆಗೆ ಬರುವ ಉಡುಪು ಇರಲಿ. ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಜಾರದ ಪಾದರಕ್ಷೆ ಬೇಕು. ಕೆಳಗೆ ಬಿದ್ದ ಕನ್ನಡಕ, ಫೋನು, ಜಪಮಾಲೆಗಳನ್ನು ಎತ್ತಿಕೊಳ್ಳಲು ಬಗ್ಗುವುದು ಮಂಚದ ಮೇಲೆ ಕುಳಿತವರಿಗೆ ಯೋಚಿಸುವ ಮುಂಚೆಯೇ ಆಗಿಹೋಗುವ ಕೆಲಸ. ಅವೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ವಾಕರಿಗೆ ತೂಗುಹಾಕಿ. ಕಾಲಬುಡದಲ್ಲಿರುವ ಹೊದಿಕೆಯನ್ನು ಎಳೆದುಕೊಳ್ಳುವುದೂ ಇದೇ ಬಗೆಯ ತಪ್ಪು.

ಊಟ, ಎಣ್ಣೆ, ರಾತ್ರಿಯ ಗಲಿಬಿಲಿ

ಗಾಯವಿದ್ದವರಿಗೆ ಬದನೆ, ಕಡಲೆಕಾಯಿ, ಬೇಳೆ, ಮೊಟ್ಟೆ ‘ನಂಜು’ ಎಂದು ಹೇಳಿ ಬರಿಯ ಗಂಜಿ, ಬ್ರೆಡ್ಡಿನಲ್ಲಿ ದಿನ ದೂಡಿಸುವ ಮನೆಗಳಿವೆ. ಸ್ನಾಯು ಬೆಳೆಯಲು, ಹೊಲಿಗೆ ಕೂಡಲು ಬೇಕಾಗಿರುವುದು ಪ್ರೋಟೀನು. ಬೇಳೆ, ಮೊಳಕೆಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಇವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಬೇಕು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಆಸ್ಪತ್ರೆಯ ಆಹಾರ ತಜ್ಞರ ಸಲಹೆಯಂತೆ ನಡೆಯಲಿ. ಟ್ರಮಡಾಲಿನಂತಹ ನೋವಿನ ಔಷಧಿಗಳು ಮಲಬದ್ಧತೆ ತರುತ್ತವೆ. ಶೌಚಾಲಯಕ್ಕೆ ಹೋಗುವುದೇ ಕಷ್ಟವೆಂದು ನೀರು ಕುಡಿಯುವುದನ್ನು ಬಿಟ್ಟರೆ ಅದು ಇನ್ನೂ ಬಿಗಡಾಯಿಸುತ್ತದೆ. ಎರಡು ದಿನ ಮಲವಿಸರ್ಜನೆ ಆಗದಿದ್ದರೆ ಸಿಸ್ಟರಿಗೆ ತಿಳಿಸಿ.

ಊರಿನಿಂದ ಬಂದವರು ಪ್ರೀತಿಯಿಂದ ಎಣ್ಣೆಯ ಸೀಸೆಯನ್ನೂ ತರುತ್ತಾರೆ. ಆಪರೇಷನ್ ಆದ ಕಾಲಿಗೆ, ಅದರಲ್ಲೂ ಮೀನಖಂಡಕ್ಕೆ, ಎಣ್ಣೆ ಹಚ್ಚಿ ತಿಕ್ಕುವುದನ್ನು ಖಡಾಖಂಡಿತವಾಗಿ ತಡೆಯಬೇಕು. ಒಳಗೆ ಹೆಪ್ಪುಗಟ್ಟಿದ ರಕ್ತವಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ನಾಟಿ ಔಷಧಿಯ ಪಟ್ಟು ಹಾಕುವುದೂ ಬೇಡ. ಗಾಯಕ್ಕೆ ಸೋಂಕು ತಗುಲಿ ಅದು ಕೃತಕ ಕೀಲಿನವರೆಗೆ ಇಳಿದರೆ, ಕೀಲನ್ನೇ ತೆಗೆದು ಮತ್ತೆ ಹಾಕಬೇಕಾಗುವ ಮಟ್ಟಕ್ಕೆ ಹೋಗುತ್ತದೆ.

ಬಿದ್ದು ಮೂಳೆ ಮುರಿದುಕೊಂಡು ಬಂದ ವೃದ್ಧರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಒಂದೆರಡು ರಾತ್ರಿ ಬುದ್ಧಿ ಕದಡುವುದು ಅಪರೂಪವಲ್ಲ. ಹಗಲೆಲ್ಲ ಚೆನ್ನಾಗಿದ್ದ ಅಜ್ಜ ಮಧ್ಯರಾತ್ರಿ ಎದ್ದು ‘ದನ ಕಟ್ಟಬೇಕು’ ಎಂದು ಮಂಚ ಇಳಿಯಲು ಹೊರಡುತ್ತಾರೆ. ಇದನ್ನು ಮರುಳೆಂದೋ ಗಾಳಿಯೆಂದೋ ಭಾವಿಸದೆ, ಬೈಯದೆ, ಸಿಸ್ಟರನ್ನು ಕರೆಯಬೇಕು, ಏಕೆಂದರೆ ಇದರ ಹಿಂದೆ ಮೂತ್ರದ ಸೋಂಕು, ಸೋಡಿಯಂ ಇಳಿತ, ಆಮ್ಲಜನಕದ ಕೊರತೆ, ಔಷಧಿಯ ಪರಿಣಾಮ ಯಾವುದಾದರೂ ಇರಬಹುದು. ಕನ್ನಡಕ ಮತ್ತು ಕಿವಿಯ ಯಂತ್ರವನ್ನು ಹಾಕಿಸಿ, ಹಗಲು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಇಂದು ಯಾವ ವಾರ, ಎಲ್ಲಿದ್ದೇವೆ ಎಂದು ಮಾತಿನ ನಡುವೆ ಹೇಳುತ್ತಾ, ಪರಿಚಿತ ಮುಖವೊಂದು ರಾತ್ರಿ ಪಕ್ಕದಲ್ಲಿರುವಂತೆ ನೋಡಿಕೊಂಡರೆ ಹೆಚ್ಚಿನವರು ಕೆಲವು ದಿನಗಳಲ್ಲಿ ಸರಿಹೋಗುತ್ತಾರೆ. ಮೂತ್ರದ ನಳಿಗೆಯನ್ನು ಯಾವಾಗ ತೆಗೆಯುತ್ತಾರೆಂದು ಕೇಳಿ ನೆನಪಿಸುವುದೂ ಉಪಕಾರವೇ.

ಕಾಯದೆ ಕರೆಯಬೇಕಾದ ಲಕ್ಷಣಗಳು

ಥಟ್ಟನೆ ತಡೆಯಲಾರದ ನೋವು ಬಂದು, ಕಾಲು ಗಿಡ್ಡವಾಗಿ ಒಳಮುಖವಾಗಿ ತಿರುಗಿ, ಊರಲು ಆಗದಂತಾದರೆ ಕೀಲು ಜಾರಿರಬಹುದು. ಎಳೆದು ಸರಿಮಾಡಲು ಹೋಗದೆ ಹಾಗೆಯೇ ಮಲಗಿಸಿ ವೈದ್ಯರನ್ನು ಕರೆಯಿರಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುವುದು ರಕ್ತ ಹೆಪ್ಪುಗಟ್ಟಿರುವುದರ ಸೂಚನೆ. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಕೆಮ್ಮಿದಾಗ ರಕ್ತ ಇವು ಇನ್ನೂ ತುರ್ತಿನವು, ಒಂದು ನಿಮಿಷವೂ ಕಾಯಬಾರದು. ಗಾಯದಿಂದ ಸ್ರಾವ ನಿಲ್ಲದಿರುವುದು, ಸುತ್ತ ಕೆಂಪು ಹರಡುವುದು, ಚಳಿಜ್ವರ ಬರುವುದು ಸೋಂಕಿನ ಲಕ್ಷಣಗಳು. ಮನೆಗೆ ಬಂದ ಮೇಲೂ ಇದೇ ಪಟ್ಟಿ ಅನ್ವಯಿಸುತ್ತದೆ. ಅಲ್ಲಿ ಸಿಸ್ಟರ್ ಇಲ್ಲದಿರುವುದರಿಂದ 108ಕ್ಕೆ ಕರೆ ಮಾಡಬೇಕಾದೀತು.

ಮನೆಗೆ ಹೊರಡುವ ಮುನ್ನ

ಮಂಚದಿಂದ ಏಳುವುದು, ಮಲಗುವುದು, ಕಮೋಡಿನಲ್ಲಿ ಕುಳಿತೇಳುವುದು, ವಾಕರಿನಲ್ಲಿ ಕೋಣೆಯಿಂದ ಕೋಣೆಗೆ ಹೋಗುವುದು, ಮನೆಯಲ್ಲಿರುವಷ್ಟು ಮೆಟ್ಟಿಲು ಹತ್ತಿಳಿಯುವುದು, ಇವಿಷ್ಟೂ ಯಾರೂ ಎತ್ತದೆ ಆಗಬೇಕು. ಯಾವುದಾದರೊಂದು ಆಗುತ್ತಿಲ್ಲವೆಂದರೆ ಇನ್ನೊಂದು ದಿನ ಇರುವುದಕ್ಕೋ ಪುನಶ್ಚೇತನ ಕೇಂದ್ರಕ್ಕೆ ಹೋಗುವುದಕ್ಕೋ ಅದು ಸಾಕಷ್ಟು ಕಾರಣ, ಅದನ್ನು ಬಾಯಿಬಿಟ್ಟು ಹೇಳಿ. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಕೊಡುವ ಇನಾಕ್ಸಪ್ಯಾರಿನ್ ಚುಚ್ಚುಮದ್ದನ್ನು ಅಥವಾ ಅದರ ಬದಲಿನ ಮಾತ್ರೆಯನ್ನು ಕೆಲವರಿಗೆ 35 ದಿನಗಳವರೆಗೂ ಮುಂದುವರಿಸುತ್ತಾರೆ. ಚುಚ್ಚುಮದ್ದಾದರೆ ಅದನ್ನು ಹಾಕುವುದನ್ನು ಸಿಸ್ಟರಿನ ಎದುರೇ ಒಮ್ಮೆ ಮಾಡಿ ಕಲಿಯಿರಿ. ಹೊಲಿಗೆಯನ್ನೋ ಪಿನ್ನನ್ನೋ ಸಾಮಾನ್ಯವಾಗಿ 12ರಿಂದ 14ನೆಯ ದಿನ ತೆಗೆಯುತ್ತಾರೆ. ಆ ದಿನಾಂಕವನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ಹಾಕಿದ ಕೀಲಿನ ಕಂಪನಿ, ಅಳತೆ, ಸಂಖ್ಯೆ ಇರುವ ಸ್ಟಿಕರುಗಳ ಹಾಳೆಯ ಪ್ರತಿಯನ್ನು ಪಡೆದು ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿ. ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಆ ಕೀಲನ್ನು ಮತ್ತೆ ಬದಲಿಸಬೇಕಾಗಿ ಬಂದರೆ ಆಗಿನ ವೈದ್ಯರು ಮೊದಲು ಕೇಳುವುದು ಅದನ್ನೇ.

ಆಟೋರಿಕ್ಷಾ ಬೇಡ, ಆಸನ ತಗ್ಗು, ಜಾಗ ಇಕ್ಕಟ್ಟು, ಕುಲುಕಾಟ ಬೇರೆ. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಒರಗನ್ನು ವಾಲಿಸಿ, ಸೀಟಿನ ಮೇಲೆ ದಿಂಬಿಟ್ಟು, ಅದರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ. ರೋಗಿ ಸೀಟಿಗೆ ಬೆನ್ನು ಮಾಡಿ ನಿಂತು, ಮೊದಲು ಕುಳಿತು, ಹಿಂದಕ್ಕೆ ಜರುಗಿ, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಕ್ಕೆ ತಿರುಗಿಸಬೇಕು. ಜಾರಲು ಅನುಕೂಲವಾಗಲೆಂದು ಹಾಕಿದ ಪ್ಲಾಸ್ಟಿಕ್ಕನ್ನು ಕಾರು ಹೊರಡುವ ಮುಂಚೆ ಎಳೆದು ತೆಗೆದುಬಿಡಿ, ಇಲ್ಲವಾದರೆ ಬ್ರೇಕು ಹಾಕಿದಾಗ ರೋಗಿಯೇ ಜಾರುತ್ತಾರೆ. ದೂರದ ಊರಾದರೆ ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ.

ಸಾಧ್ಯವಾದಷ್ಟು ಹಗಲಿನಲ್ಲೇ ಮನೆ ತಲುಪುವಂತೆ ಹೊರಡಿ. ಕಾಲೊರಸು, ಸಡಿಲ ಜಮಖಾನೆ, ನೆಲದ ಮೇಲೆ ಹರಿದ ವೈರುಗಳನ್ನು ಮುಂಚೆಯೇ ತೆಗೆಸಿರಿ. ಆರತಿ ಎತ್ತಿಸಿಕೊಳ್ಳಲು ಹೊಸ್ತಿಲಿನಲ್ಲಿ ಬಹಳ ಹೊತ್ತು ನಿಲ್ಲಿಸಬೇಡಿ, ಅವರಿಗೆ ದಣಿವಾಗಿರುತ್ತದೆ. ಒಳಗೆ ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ದಣಿವಾರಿದ ಮೇಲೆ, ಬೆಳಕಿರುವಾಗಲೇ ಒಮ್ಮೆ ಮಂಚದಿಂದ ಶೌಚಾಲಯದವರೆಗೆ ನಡೆಸಿ, ಕೂರಿಸಿ, ಎಬ್ಬಿಸಿ, ವಾಪಸು ಕರೆತನ್ನಿ. ರಾತ್ರಿ ಎರಡು ಗಂಟೆಗೆ ಅವರು ಎದ್ದು ಹೋಗುವುದು ಅದೇ ದಾರಿಯಲ್ಲಿ. ಸ್ವಿಚ್ಚು ಕೈಗೆಟುಕದಿದ್ದರೆ ಅಲ್ಲೊಂದು ರಾತ್ರಿದೀಪ ಹಾಕಿಡಿ.